ಹೊಳೆ ತಿರುವಿನ ‘ಖಾಲಿ ಜಾಗ’ದಲ್ಲಿ ಬಡಾವಣೆ ಬರುತ್ತಂತೆ. ಆಕ್ಷೇಪಣೆ ಬರೆಯಬೇಕು, ಎಲ್ಲಿಂದ ಶುರು ಮಾಡಲಿ?

ಹೊಳೆದಂಡೆ

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಒಂದು ನೋಟಿಸ್ ನೋಡಿದ ಮೇಲೆ ಬರೆಯದೆ ಇರಲು ಆಗಲಿಲ್ಲ.

ಮನೆಯಿಂದ ಕಾಲು ಗಂಟೆ ನಡೆದರೆ ಹೊಳೆ ಸಿಗುತ್ತದೆ. ಅಲ್ಲಿ ಅದು ದೊಡ್ಡದಾಗಿ ಬಳಸಿಕೊಂಡು ತಿರುಗುತ್ತದೆ. ತಿರುವಿನ ಒಳಗೆ ಹುಲ್ಲು, ಜೊಂಡು, ಮುಳ್ಳುಪೊದೆ, ಮಳೆಗಾಲದಲ್ಲಿ ತುಂಬಿ ಬೇಸಿಗೆಯಲ್ಲಿ ಬತ್ತುವ ಎರಡು ಹೊಂಡ. ನೀರಿನ ಅಂಚಿಗೆ ಮರಳ ದಿಬ್ಬ. ಸ್ವಲ್ಪ ಮೇಲ್ಗಡೆ ಹೊಳೆಯೇ ಕೊರೆದು ನಿಲ್ಲಿಸಿದ ಆಳೆತ್ತರದ ಮಣ್ಣಿನ ಗೋಡೆ, ಅದರ ಮೈತುಂಬಾ ತೂತು. ಬೇಲಿ ಇಲ್ಲ, ಗೇಟಿಲ್ಲ. ಮಕ್ಕಳು ಆಡುತ್ತಾರೆ, ವಯಸ್ಸಾದವರು ನಡೆಯುತ್ತಾರೆ.

ಈಗ ಅಲ್ಲಿ ಬಡಾವಣೆಯ ಪ್ರಸ್ತಾವ ಬಂದಿದೆ. ಮಣ್ಣು ತುಂಬಿ ಎತ್ತರ ಮಾಡಿ ಮನೆ, ರಸ್ತೆ. ದಡಕ್ಕೆ ಕಲ್ಲು ಪಿಚಿಂಗ್, ಅಂದರೆ ದಡದ ಮೈಗೆಲ್ಲಾ ಕಲ್ಲು ಹಾಸುವುದು. ಅದರ ಮೇಲೆ ದೀಪ ಹಾಕಿದ ವಾಕಿಂಗ್ ಪಾತ್. ನೋಟಿಸಿನಲ್ಲಿ ಈ ಜಾಗವನ್ನು ‘ಬಳಕೆಯಲ್ಲಿಲ್ಲದ ಖಾಲಿ ಜಮೀನು’ ಎಂದು ಕರೆದಿದ್ದಾರೆ.

ಅದನ್ನು ಓದಿದ ಮಾರನೇ ದಿನ ಬೇಕಂತಲೇ ನಿಧಾನವಾಗಿ ನಡೆದೆ. ಮರಳ ದಿಬ್ಬದ ಮೇಲೊಂದು ಚಪ್ಪಟೆ ಕಲ್ಲಿದೆ. ಅದರ ಮೇಲೆ ಕಪ್ಪಗೆ, ಇನ್ನೂ ಒದ್ದೆ ಆರದ ಹಿಕ್ಕೆ. ಕಡ್ಡಿಯಲ್ಲಿ ಬಿಡಿಸಿ ನೋಡಿದರೆ ಒಳಗೆಲ್ಲಾ ಮೀನಿನ ಹುರುಪೆ, ಏಡಿಯ ಕಾಲಿನ ಒಂದು ಚೂರು. ಪಕ್ಕದ ಒದ್ದೆ ಮರಳಿನಲ್ಲಿ ಹೆಜ್ಜೆ. ನಾಯಿಯದಾದರೆ ನಾಲ್ಕು ಬೆರಳು ಮೂಡಬೇಕು, ಇಲ್ಲಿ ಐದು. ನೀರುನಾಯಿ! ಇಷ್ಟು ವರ್ಷ ನಡೆದಿದ್ದೇನೆ, ಒಂದು ದಿನವೂ ಕಣ್ಣಿಗೆ ಬಿದ್ದಿರಲಿಲ್ಲ.

ಆಕ್ಷೇಪಣೆಗೆ ಇನ್ನು 24 ದಿನ ಇದೆ. ಮೊದಲ ಸಾಲು ಬರೆದಿದ್ದೇನೆ: ‘ಪ್ರಕೃತಿ ನಮ್ಮ ತಾಯಿ, ಅವಳನ್ನು ಉಳಿಸಬೇಕು.’ ಎರಡನೇ ಸಾಲಿಗೆ ಮೂರು ದಿನದಿಂದ ಕೂತಿದ್ದೇನೆ.

ಗೆರೆಗೀಟು

ಬೇಜಾರಾಗಬೇಡಿ, ಮೊದಲು ಆ ಮೊದಲ ಸಾಲನ್ನೇ ಹೊಡೆದು ಹಾಕಿ. ಅದನ್ನು ಓದಿದ ಅಧಿಕಾರಿ ತಲೆಯಾಡಿಸಿ ಪುಟ ತಿರುಗಿಸುತ್ತಾರೆ. ಯಾಕೆಂದರೆ ಅದಕ್ಕೆ ಅವರು ಉತ್ತರ ಕೊಡಬೇಕಾಗಿಲ್ಲ. ಉತ್ತರ ಕೊಡಲೇಬೇಕಾದ ಸಾಲು ಬೇಕು.

ನೋಟಿಸ್ ಅಂದರೆ ಬರೀ ಮುಖಪುಟ. ಹಿಂದೆ ಫೈಲ್ ಇರುತ್ತದೆ. ಪೂರ್ತಿ ನಕ್ಷೆ, ನೆಲದ ಏರಿಳಿತ ತೋರಿಸುವ ಕಾಂಟೂರ್ ನಕ್ಷೆ, ಪರಿಸರ ವರದಿ, ಅದರ ಅನುಬಂಧಗಳು, ಎಲ್ಲಾ ಲಿಖಿತವಾಗಿ ಕೇಳಿ. ಅನುಬಂಧ ಮರೆಯಬೇಡಿ. ಮುಖ್ಯ ವರದಿಯಲ್ಲಿ ಹೇಳದೆ ಬಿಟ್ಟಿದ್ದು ಅಲ್ಲೇ ಮಲಗಿರುತ್ತದೆ.

ನಕ್ಷೆ ಸಿಕ್ಕಿದ ಕೂಡಲೇ ಒಂದೇ ಒಂದು ಗೆರೆ ನೋಡಿ. ಹೊಳೆಯ ಅಂಚು ಎಲ್ಲಿ ಎಳೆದಿದ್ದಾರೆ? ಬೇಸಿಗೆಯಲ್ಲಿ ನೀರು ನಿಲ್ಲುವ ಅಂಚೋ, ಮಳೆಗಾಲದಲ್ಲಿ ದಡ ಮುಟ್ಟುವ ಅಂಚೋ? ‘ಹೊಳೆಯಿಂದ ಇಷ್ಟು ಮೀಟರ್ ಬಿಟ್ಟಿದ್ದೇವೆ’ ಅನ್ನುವ ಮಾತೆಲ್ಲಾ ಆ ಗೆರೆಯಿಂದ ಅಳೆದಿದ್ದು. ಗೆರೆಯೇ ಜರುಗಿದ್ದರೆ ಬಿಟ್ಟ ಜಾಗ ಹೊಳೆಯೊಳಗೇ ಇರಬಹುದು.

ಬಾಡಿಗೆಮನೆ

ಎಲ್ಲರೂ ಒಂದೇ ದಿಕ್ಕಿನಲ್ಲಿ ಮಾತಾಡುತ್ತಿದ್ದೀರಿ, ಒಬ್ಬನಾದರೂ ಬೇರೆ ಹೇಳಲಿ ಅಂತ ಬರೆಯುತ್ತಿದ್ದೇನೆ. ಹನ್ನೊಂದು ವರ್ಷದಲ್ಲಿ ಆರು ಬಾಡಿಗೆ ಮನೆ ಬದಲಾಯಿಸಿದ್ದೇನೆ. ಹೊಸ ಮನೆ ಕಟ್ಟುತ್ತೇವೆ ಅಂದಾಗೆಲ್ಲಾ ಈಗಾಗಲೇ ಸ್ವಂತ ಮನೆ ಇರುವವರೇ ಬಂದು ಬೇಡ ಅನ್ನುತ್ತಾರೆ. ಅವರ ಬೆಳಗಿನ ವಾಕಿಂಗ್ ಕೆಡುತ್ತದೆ, ಅಷ್ಟೇ. ಅದಕ್ಕೆ ಒಂದು ಹಕ್ಕಿ ಹೆಸರು, ಒಂದು ಪ್ರಾಣಿ ಹೆಸರು ಅಡ್ಡ ಹಿಡಿಯುತ್ತಾರೆ. ಹೊಳೆದಂಡೆ ಅವರೇ, ನಿಮ್ಮ ಮನೆ ಸ್ವಂತದ್ದಾ?

ಹೊಳೆದಂಡೆ

ಹೌದು, ಸ್ವಂತದ್ದು. ನೀವು ಕೇಳಿದ್ದು ತಪ್ಪಲ್ಲ. ವಾಕಿಂಗ್ ಕೆಡುತ್ತದೆ ಅನ್ನುವುದೂ ಸುಳ್ಳಲ್ಲ. ಅದೊಂದೇ ಕಾರಣವಾ ಅಂತ ನನಗೂ ಅನುಮಾನ ಬಂದು ಎರಡು ರಾತ್ರಿ ನಿದ್ದೆ ಬರಲಿಲ್ಲ.

ಪೈಪ್‌ಲೈನ್_ಅಜ್ಜ

ಮೂವತ್ತು ವರ್ಷ ಚರಂಡಿ, ಮೋರಿ, ನೆರೆ ಕೆಲಸ ಮಾಡಿ ನಿವೃತ್ತನಾದವನು ನಾನು. ಬಾಡಿಗೆಮನೆ ಅವರೇ, ಹಕ್ಕಿ ಪ್ರಾಣಿ ಬದಿಗಿಡೋಣ. ಆ ಮನೆ ಕೊಂಡುಕೊಳ್ಳುವವರು ನಿಮ್ಮಂಥವರೇ ಅಲ್ವಾ? ಅವರ ಕಡೆಯಿಂದಲೇ ಲೆಕ್ಕ ಹಾಕೋಣ.

ಹೊಳೆ ತಿರುವಿನ ಒಳಗಿನ ಆ ಬಯಲು ಹೊಳೆಯೇ ಮಾಡಿದ್ದು. ನೆರೆ ಬಂದಾಗಲೆಲ್ಲಾ ಒಂದೊಂದು ಪದರ ಮಣ್ಣು ಹಾಸಿ ಹೋಗಿದೆ. ನೀರು ಹೆಚ್ಚಾದ ದಿನ ಅದು ಅಲ್ಲಿ ಹರಡಿ ನಿಂತು, ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಅದು ಹೊಳೆಯ ಜಗಲಿ ಅಂತ ಇಟ್ಟುಕೊಳ್ಳಿ. ವರ್ಷವೆಲ್ಲಾ ಖಾಲಿ ಕಾಣುತ್ತದೆ, ನೆಂಟರು ಬಂದ ದಿನ ಗೊತ್ತಾಗುತ್ತದೆ ಯಾಕೆ ಬೇಕಿತ್ತು ಅಂತ.

ಈಗ ಅಲ್ಲಿ 6 ಹೆಕ್ಟೇರ್ ಜಾಗವನ್ನು ಒಂದೂವರೆ ಮೀಟರ್ ಎತ್ತರಿಸಿದರು ಅಂತಿಟ್ಟುಕೊಳ್ಳಿ. 60,000 ಚದರ ಮೀಟರ್, ಗುಣಿಸು ಒಂದೂವರೆ. 90,000 ಘನ ಮೀಟರ್, ಅಂದರೆ 9 ಕೋಟಿ ಲೀಟರ್ ನೀರು ನಿಲ್ಲುತ್ತಿದ್ದ ಜಾಗದಲ್ಲಿ ಮಣ್ಣು ಕೂತಿರುತ್ತದೆ. ಆ ನೀರು ಆವಿಯಾಗಿ ಹೋಗುವುದಿಲ್ಲ. ಎದುರು ದಡಕ್ಕೆ ಹೋಗುತ್ತದೆ, ಇಲ್ಲಾ ಕೆಳಗಿನವರ ಅಂಗಳಕ್ಕೆ. ಜೊತೆಗೆ ಹುಲ್ಲಿದ್ದ ಕಡೆ ಕಾಂಕ್ರೀಟು ಬಂದರೆ, 50 ಮಿಲಿಮೀಟರ್ ಮಳೆಗೆ ಒಂದೊಂದು ಹೆಕ್ಟೇರಿನಿಂದಲೂ ಹತ್ತಿರ ಹತ್ತಿರ 5 ಲಕ್ಷ ಲೀಟರ್ ನೇರ ಚರಂಡಿಗೆ ಇಳಿಯುತ್ತದೆ.

ಇನ್ನೊಂದು ಮೋಸದ ಮಾತಿದೆ. ‘ಇದು ನೂರು ವರ್ಷಕ್ಕೊಮ್ಮೆ ಬರುವ ನೆರೆ.’ ಜನ ಏನಂದುಕೊಳ್ಳುತ್ತಾರೆ? ಒಮ್ಮೆ ಬಂದರೆ ಇನ್ನು ಮೊಮ್ಮಕ್ಕಳ ಕಾಲಕ್ಕೆ ಅಂತ. ಅದರ ಅರ್ಥ ಹಾಗಲ್ಲ. ಪ್ರತಿ ವರ್ಷವೂ ಬರುವ ಸಾಧ್ಯತೆ ನೂರಕ್ಕೆ ಒಂದು. ಹೋದ ವರ್ಷ ಬಂದಿದ್ದರೂ ಈ ವರ್ಷ ಅದೇ ಒಂದು. ಮೂವತ್ತು ವರ್ಷದ ಸಾಲ ತೀರಿಸುವಷ್ಟರಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ಸುಮಾರು ನೂರಕ್ಕೆ 26. ನಾಲ್ಕರಲ್ಲಿ ಒಂದು ಪಾಲು! ಇದನ್ನು ಯಾವ ಬ್ರೋಶರಿನಲ್ಲೂ ಹಾಕುವುದಿಲ್ಲ.

ನೆದರ್‌ಲ್ಯಾಂಡ್ಸ್‌ನವರು ನೀರಿಗೆ ಗೋಡೆ ಕಟ್ಟುವುದರಲ್ಲಿ ಶತಮಾನಗಳ ಅನುಭವಸ್ಥರು. 1995ರಲ್ಲಿ ಅಲ್ಲಿನ ನದಿಗಳು ಉಕ್ಕಿದಾಗ ಸುಮಾರು 2.5 ಲಕ್ಷ ಜನರನ್ನು ಮನೆ ಬಿಡಿಸಿ ಕಳಿಸಬೇಕಾಯಿತು. ಅದಾದ ಮೇಲೆ ಅವರೇ ಪಟ್ಟು ಬದಲಿಸಿದರು. ಗೋಡೆ ಎತ್ತರಿಸುವುದು ಸಾಕು, ನದಿಗೆ ಜಾಗ ಬಿಡೋಣ ಅಂತ. ನೈಮೇಖನ್ ಊರಿನಲ್ಲಿ ಏರಿಯನ್ನು 350 ಮೀಟರ್ ಹಿಂದಕ್ಕೆ ಸರಿಸಿ ಪಕ್ಕದಲ್ಲಿ ಇನ್ನೊಂದು ಕಾಲುವೆ ತೆಗೆದರು. ಅದಕ್ಕಾಗಿ ಸುಮಾರು 50 ಮನೆ ಕೆಡವಬೇಕಾಯಿತು. ಕಟ್ಟಿದ ಮನೆ ಕೆಡವಿ ನದಿಗೆ ಜಾಗ ಕೊಡುವುದಕ್ಕಿಂತ, ಕಟ್ಟದೆ ಇರುವುದು ಅಗ್ಗ ತಾನೇ?

ಬಾಡಿಗೆಮನೆ

ಸರಿ ಸರ್, ಲೆಕ್ಕ ಅರ್ಥವಾಯಿತು. ನನಗೆ ಮನೆ ಬೇಕು, ಬಚ್ಚಲು ಮನೆಯಲ್ಲ. ಆದರೂ ಕೇಳುತ್ತೇನೆ, ಇಲ್ಲಿ ಬೇಡ ಅಂದರೆ ಎಲ್ಲಿ? ಆ ಉತ್ತರ ಇಲ್ಲದ ಆಕ್ಷೇಪಣೆಗೆ ನಾನು ಸಹಿ ಹಾಕುವುದಿಲ್ಲ.

ಮಿಂಚುಳ್ಳಿ

ನಾನು ಹಕ್ಕಿ ಕಡೆಯವಳು. ಹೊಳೆದಂಡೆ, ಆ ತೂತಿನ ಗೋಡೆ ಬಗ್ಗೆ ಹೇಳಿದಿರಲ್ಲ, ಅದರ ಬಗ್ಗೆಯೇ ಸ್ವಲ್ಪ ಉದ್ದ ಬರೆಯುತ್ತೇನೆ. ತಡೆದುಕೊಳ್ಳಿ.

ಮಿಂಚುಳ್ಳಿ, ಕಳ್ಳಿಪೀರ ಇಂಥವು ಮರದಲ್ಲಿ ಗೂಡು ಕಟ್ಟುವುದಿಲ್ಲ. ಕಡಿದಾದ ಮಣ್ಣಿನ ಗೋಡೆಯಲ್ಲಿ ಕೊಕ್ಕಿನಿಂದ ಕುಟ್ಟಿ, ಕಾಲಿನಿಂದ ಮಣ್ಣು ಹಿಂದಕ್ಕೆ ಎಸೆದು ಸುರಂಗ ತೋಡುತ್ತವೆ. ಅರ್ಧ ಮೀಟರ್, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಉದ್ದ. ಕೊನೆಯಲ್ಲಿ ಒಂದು ಸಣ್ಣ ಕೋಣೆ. ಮಣ್ಣು ತೀರಾ ಸಡಿಲವಾದರೆ ಕುಸಿಯುತ್ತದೆ, ಗಟ್ಟಿಯಾದರೆ ಕೊಕ್ಕು ಇಳಿಯುವುದಿಲ್ಲ. ಗೋಡೆ ಇಳಿಜಾರಾದರೆ ಹಾವು ಹತ್ತುತ್ತದೆ. ಇವೆಲ್ಲಾ ಕೂಡಿ ಬರುವುದು ಹೊಳೆ ತಾನೇ ಕೊರೆದ ದಡದಲ್ಲಿ. ಪ್ರತಿ ಮಳೆಗಾಲಕ್ಕೂ ಒಂದಿಷ್ಟು ಕುಸಿದು ಮತ್ತೆ ಹೊಸ ಮುಖ ಸಿಗುತ್ತದೆ. ಇಂಜಿನಿಯರುಗಳು ಇದನ್ನೇ ‘ದಡ ಕೊರೆತ, ತಡೆಯಬೇಕು’ ಅನ್ನುತ್ತಾರೆ. (ಅಜ್ಜ, ನಿಮ್ಮನ್ನಲ್ಲ!) ಕಲ್ಲು ಪಿಚಿಂಗ್ ಮಾಡಿದ ದಿನ ಆ ಹಕ್ಕಿಗಳಿಗೆ ಅಲ್ಲಿ ಮನೆ ಮುಗಿಯಿತು. ಬಾಡಿಗೆಮನೆ ಅವರೇ, ಅವಕ್ಕೂ ಬೇರೆ ಗೋಡೆ ಹುಡುಕಬೇಕು.

ಎಣಿಸುವುದು ಹೇಗೆ? ದೂರದಲ್ಲಿ ಕೂತು ದುರ್ಬೀನಿನಲ್ಲಿ ನೋಡಿ. ತೂತಿನ ಬಾಯಿಗೆ ಜೇಡರ ಬಲೆ ಇದ್ದರೆ ಹಳೆಯದು. ಬಾಯಿಯ ತಳದಲ್ಲಿ ಎರಡು ಸಣ್ಣ ಗೀರುಕಾಲುವೆ ಇದ್ದರೆ ಬಳಕೆಯಲ್ಲಿದೆ, ಅದು ಹಕ್ಕಿ ಕಾಲು ಎಳೆದು ಎಳೆದು ಮಾಡಿದ ಗುರುತು. ಮಿಂಚುಳ್ಳಿಯ ಬಿಲವಾದರೆ ಬಾಯಿಂದ ಕೆಳಗೆ ಬಿಳಿ ಹಿಕ್ಕೆ ಸೋರಿರುತ್ತದೆ, ಹತ್ತಿರ ಹೋದರೆ ಕೊಳೆತ ಮೀನಿನ ವಾಸನೆ. ಆದರೆ ಹತ್ತಿರ ಹೋಗಬೇಡಿ! ಮರಿ ಕಾಲದಲ್ಲಿ ನೀವು ಅರ್ಧ ಗಂಟೆ ಎದುರಿಗೆ ನಿಂತರೆ ತಾಯಿ ಅರ್ಧ ಗಂಟೆ ಒಳಗೆ ಹೋಗುವುದಿಲ್ಲ.

ಮರಳ ದಿಬ್ಬವನ್ನೂ ಮರೆಯಬೇಡಿ. ರೀವ ಹಕ್ಕಿಗಳು ಬರೀ ಮರಳಿನ ಮೇಲೆ ಮೊಟ್ಟೆ ಇಡುತ್ತವೆ, ಗೂಡೇ ಇಲ್ಲ. ಆಮೆಗಳು ನೀರಿನಿಂದ ಮೇಲೆ ಬಂದು ಮರಳು ತೋಡಿ ಮೊಟ್ಟೆ ಹೂಳುತ್ತವೆ. ಎಷ್ಟೋ ಜಾತಿಯ ಆಮೆಗಳಲ್ಲಿ ಮರಿ ಗಂಡೋ ಹೆಣ್ಣೋ ಅನ್ನುವುದು ಆ ಮರಳಿನ ಬಿಸಿಯ ಮೇಲೆ ಹೋಗುತ್ತದೆ. ಕಟ್ಟಡದ ನೆರಳು ಬಿದ್ದರೆ ಆ ಲೆಕ್ಕವೂ ಏರುಪೇರು.

ನೀರುನಾಯಿ ವಿಷಯ ಮಾತ್ರ ದಯವಿಟ್ಟು ಗುಟ್ಟಾಗಿಡಿ. ಹಿಕ್ಕೆ ಸಿಕ್ಕ ಕಲ್ಲಿನ ಫೋಟೋ, ಜಾಗ, ಬಿಲ, ಯಾವುದನ್ನೂ ಸಾರ್ವಜನಿಕವಾಗಿ ಹಾಕಬೇಡಿ. ಚರ್ಮಕ್ಕಾಗಿ ಅದನ್ನು ಕೊಲ್ಲುವವರು ಇದ್ದಾರೆ. ಐನ್ಯಾಚುರಲಿಸ್ಟ್‌ನಲ್ಲಿ (ಕಂಡ ಜೀವಿಗಳನ್ನು ದಾಖಲಿಸುವ ಜಾಲತಾಣ) ದಾಖಲಿಸಿದರೆ ನಿಖರ ಜಾಗ ಮರೆಮಾಡುವ ಆಯ್ಕೆ ಇದೆ, ಅದನ್ನು ಒತ್ತಿದ್ದೀರಾ ಅಂತ ಎರಡು ಸಲ ನೋಡಿ. ಹಕ್ಕಿಗೆ ಅಂಥದ್ದೇ ತಾಣ ಇ‌ಬರ್ಡ್ ಸಾಕು. ದಿನಾಂಕ, ಸಮಯ ಇರುವ ದಾಖಲೆಗೆ ಇರುವ ಬೆಲೆ ‘ನಾವು ದಿನಾ ನೋಡುತ್ತೇವೆ’ ಅನ್ನುವ ಮಾತಿಗೆ ಇರುವುದಿಲ್ಲ.

ಎಕ್ಸ್‌ಪ್ರೆಸ್‌ವೇ

ಇವರೆಲ್ಲಾ ಅಭಿವೃದ್ಧಿ ವಿರೋಧಿಗಳು. ಎರಡು ಹಕ್ಕಿಗೋಸ್ಕರ ಊರು ಹಿಂದುಳಿಯಬೇಕಾ.

ಗೆರೆಗೀಟು

ಬಂದಿರಾ? ಹಾಗಾದರೆ ಚರ್ಚೆ ಸರಿಯಾಗಿ ನಡೆಯುತ್ತಿದೆ ಅಂತಾಯಿತು. ಅಜ್ಜನ 9 ಕೋಟಿ ಲೀಟರ್ ಲೆಕ್ಕದಲ್ಲಿ ತಪ್ಪಿದ್ದರೆ ಹೇಳಿ, ಇಲ್ಲದಿದ್ದರೆ ಮುಂದೆ ಹೋಗೋಣ.

ಸಂಜೆವಾಕ್

ನನ್ನದು ನಡುದಾರಿ ಪ್ರಶ್ನೆ. ಮನೆ ಬೇಡ, ಒಪ್ಪಿದೆ. ಆದರೆ ವಾಕಿಂಗ್ ಪಾತ್, ದೀಪ, ಬೆಂಚು ಬಂದರೆ ಒಳ್ಳೇದಲ್ವಾ? ಈಗ ಕತ್ತಲಾದ ಮೇಲೆ ಹೆಂಗಸರು ಆ ಕಡೆ ಹೋಗುವಂತಿಲ್ಲ. ತೆರೆದ ಜಾಗ ಅಂದರೆ ಜನರದ್ದೂ ಹೌದು ತಾನೇ.

ಮಿಂಚುಳ್ಳಿ

ನ್ಯಾಯವಾದ ಪ್ರಶ್ನೆ. ದಾರಿ ಬೇಡ ಅಂತ ನಾನು ಹೇಳುವುದಿಲ್ಲ. ದಾರಿ ಎಲ್ಲಿ ಹೋಗಬೇಕು ಅನ್ನುವುದಷ್ಟೇ ಜಗಳ. ನೀರಿನ ಅಂಚಿಗೆ ಅಂಟಿಕೊಂಡು ಹೋಗುವ ಬದಲು ಬಯಲಿನ ರಸ್ತೆ ಕಡೆಯ ಅಂಚಿನಲ್ಲಿ ಹೋಗಲಿ. ನೀರು ನೋಡಲು ಒಂದೆರಡು ಕಡೆ ಮಾತ್ರ ಒಳಗೆ ಬರಲಿ. ದೀಪವೂ ಅಲ್ಲೇ, ಬೆಳಕು ಕೆಳಮುಖವಾಗಿ.

ಯಾಕೆ ಅಂದರೆ ಮೇಫ್ಲೈ ಅಂತ ಒಂದು ಹುಳ ಇದೆ. ತಿಂಗಳುಗಟ್ಟಲೆ ನೀರಿನ ತಳದಲ್ಲಿ ಬೆಳೆದು, ರೆಕ್ಕೆ ಬಂದ ಮೇಲೆ ಒಂದೆರಡು ದಿನ ಬದುಕಿ, ಮೊಟ್ಟೆ ಇಟ್ಟು ಸಾಯುತ್ತದೆ. ನೀರಿನ ಮೇಲೆ ಬೆಳಕು ಹೊಳೆಯುವ ಒಂದು ರೀತಿ ಇದೆ, ಅದರಿಂದಲೇ ಇದು ನೀರು ಅಂತ ಅದಕ್ಕೆ ಗೊತ್ತಾಗುವುದು. ಕಪ್ಪು ಡಾಂಬರೂ ಹಾಗೇ ಹೊಳೆಯುತ್ತದೆ. ಪಾಪ, ಹೊಳೆ ಪಕ್ಕದ ರಸ್ತೆ ಮೇಲೆ ಸಾವಿರಗಟ್ಟಲೆ ಇಳಿದು ಒಣ ಡಾಂಬರಿನ ಮೇಲೆ ಮೊಟ್ಟೆ ಇಟ್ಟು ಹೋಗುತ್ತವೆ. ಹಂಗೇರಿಯ ಸಂಶೋಧಕರು ಇದನ್ನು 1998ರಲ್ಲೇ ವಿವರಿಸಿದ್ದಾರೆ. ಆ ಹುಳವನ್ನೇ ಮೀನು ತಿನ್ನುವುದು, ಆ ಮೀನನ್ನೇ ನಿಮ್ಮ ನೀರುನಾಯಿ ತಿನ್ನುವುದು.

ಪೈಪ್‌ಲೈನ್_ಅಜ್ಜ

ದಡ ಹಾಳು ಮಾಡದೆ ಜನರಿಗೂ ಜಾಗ ಕೊಡಬಹುದು. ಮ್ಯೂನಿಕ್‌ನಲ್ಲಿ ಈಸಾರ್ ನದಿಯನ್ನು 2000ದಿಂದ 2011ರವರೆಗೆ 8 ಕಿಲೋಮೀಟರ್ ಉದ್ದಕ್ಕೆ ಮತ್ತೆ ಸಡಿಲ ಬಿಟ್ಟರು. ಕಟ್ಟಿದ್ದ ಅಂಚು ಕಿತ್ತು ನದಿ ಅಗಲ ಮಾಡಿದರು. ನೆರೆಗೂ ಅನುಕೂಲ, ಈಗ ಜನ ಜಲ್ಲಿಕಲ್ಲಿನ ದಿಬ್ಬದ ಮೇಲೆ ಬಿಸಿಲು ಕಾಯುತ್ತಾ ಕೂರುತ್ತಾರೆ.

ಕಟ್ಟಿ ಆಮೇಲೆ ಬಿಡಿಸುವ ಕಷ್ಟಕ್ಕೆ ಅಮೆರಿಕದ ಫ್ಲಾರಿಡಾ ನೋಡಿ. ಕಿಸ್ಸಿಮ್ಮಿ ನದಿ 166 ಕಿಲೋಮೀಟರ್ ಅಂಕುಡೊಂಕಾಗಿ ಹರಿಯುತ್ತಿತ್ತು. 1962ರಿಂದ 1971ರೊಳಗೆ ಅದನ್ನು 90 ಕಿಲೋಮೀಟರಿನ ನೇರ ಕಾಲುವೆ ಮಾಡಿದರು. ಬಯಲು ಒಣಗಿತು, ನೀರುಹಕ್ಕಿಗಳು ಹೋದವು. ತಪ್ಪು ತಿದ್ದುವ ಕಾಮಗಾರಿ ಶುರುವಾಗಿದ್ದು 1999ರಲ್ಲಿ, ಮುಗಿದಿದ್ದು 2021ರಲ್ಲಿ. ಅದೂ ಪೂರ್ತಿ ನದಿಗಲ್ಲ, ಒಂದು ಭಾಗಕ್ಕೆ. ಕೆಡಿಸಲು 9 ವರ್ಷ, ತಿದ್ದಲು 22.

ಒಮ್ಮೆಸೋತವ

ನಾನು ಇಂಥದ್ದೇ ಒಂದು ಹೋರಾಟದಲ್ಲಿದ್ದೆ. ಸೋತೆವು. ಆ ಜಾಗದ ಹೆಸರು, ಕಂಪನಿ ಹೆಸರು ಹೇಳುವುದಿಲ್ಲ, ಹೇಳಿ ಪ್ರಯೋಜನವೂ ಇಲ್ಲ. ನಮ್ಮ ತಪ್ಪು ಮಾತ್ರ ಹೇಳುತ್ತೇನೆ.

ಒಂದು, ಒಂದೇ ಪತ್ರವನ್ನು 400 ಜನ ಸಹಿ ಹಾಕಿ ಕಳಿಸಿದೆವು. ಎದೆಯುಬ್ಬಿಸಿಕೊಂಡು ಹೋದೆವು. ಕಚೇರಿಯಲ್ಲಿ ಅದನ್ನು ‘ಒಂದು ಆಕ್ಷೇಪಣೆ’ ಅಂತ ಎಣಿಸಿದರು. ಎರಡು, ಎಲ್ಲವನ್ನೂ ಒಂದೇ ಹಕ್ಕಿಯ ಮೇಲೆ ನಿಲ್ಲಿಸಿದೆವು. ಅವರ ತಜ್ಞರು ಬಂದು ‘ಈ ಹಕ್ಕಿ ಬೇರೆ ಕಡೆಯೂ ಇದೆ’ ಅಂತ ಒಂದು ಪುಟ ಬರೆದರು. ನಮ್ಮ ಕೈಲಿ ಬೇರೇನೂ ಇರಲಿಲ್ಲ.

ದೊಡ್ಡವರೂ ಹೀಗೇ ಎಡವಿದ್ದಾರೆ. ಅಮೆರಿಕದ ಲಿಟಲ್ ಟೆನೆಸ್ಸೀ ನದಿಗೆ ಟೆಲಿಕೋ ಅಣೆಕಟ್ಟು ಕಟ್ಟುತ್ತಿದ್ದಾಗ 1973ರಲ್ಲಿ ಅಲ್ಲಿ ಬೆರಳುದ್ದದ ಒಂದು ಮೀನು ಸಿಕ್ಕಿತು. ಸ್ನೇಲ್ ಡಾರ್ಟರ್ ಅಂತ. 1978ರಲ್ಲಿ ಸುಪ್ರೀಂ ಕೋರ್ಟ್ ಆ ಮೀನಿಗಾಗಿ, ಹೆಚ್ಚುಕಮ್ಮಿ ಕಟ್ಟಿ ಮುಗಿದಿದ್ದ ಅಣೆಕಟ್ಟನ್ನೇ ನಿಲ್ಲಿಸಿತು. ಎಷ್ಟು ದೊಡ್ಡ ಗೆಲುವು! ಮಾರನೇ ವರ್ಷವೇ ಸಂಸತ್ತು ಈ ಅಣೆಕಟ್ಟಿಗೆ ವಿನಾಯಿತಿ ಕೊಟ್ಟಿತು, 1979ರ ನವೆಂಬರಿನಲ್ಲಿ ಗೇಟು ಮುಚ್ಚಿದರು. ಆ ಕಣಿವೆಯಲ್ಲಿ ಒಳ್ಳೆಯ ಹೊಲಗಳಿದ್ದವು, ಚೆರೋಕೀ ಎಂಬ ಮೂಲನಿವಾಸಿ ಜನರ ಹಳೆಯ ಊರುಗಳ ಜಾಗ ಇತ್ತು. ಹೊರಗಿನ ಜನರಿಗೆ ಕಂಡಿದ್ದು ‘ಒಂದು ಪುಟ್ಟ ಮೀನಿಗೆ ಒಂದು ದೊಡ್ಡ ಅಣೆಕಟ್ಟು’ ಅಷ್ಟೇ. ನಗಲು ಅಷ್ಟು ಸಾಕು.

ಆದ್ದರಿಂದ ನೀರುನಾಯಿ ಒಂದನ್ನೇ ಮುಂದೆ ಬಿಡಬೇಡಿ. ನೀರು, ಹಕ್ಕಿ, ಆಟದ ಬಯಲು, ಕೆಳಗಿನ ಮನೆಗಳು, ಎಲ್ಲಾ ಬೇರೆ ಬೇರೆ ಜನ ಬೇರೆ ಬೇರೆ ಪತ್ರದಲ್ಲಿ ಬರೆಯಲಿ.

ಹಳೇಪೇಪರ್

ಸೋತ ಕಥೆ ಆಯಿತು, ಗೆದ್ದದ್ದು ಒಂದು ಕೇಳಿ. ನನಗೆ ಇದು ತುಂಬಾ ಇಷ್ಟ.

ಆಸ್ಟ್ರಿಯಾದಲ್ಲಿ ವಿಯೆನ್ನಾದ ಕೆಳಗೆ ಡ್ಯಾನ್ಯೂಬ್ ನದಿಯ ನೆರೆಕಾಡು. ಹೈನ್‌ಬುರ್ಗ್ ಎಂಬಲ್ಲಿ ಜಲವಿದ್ಯುತ್ ಘಟಕ ಬರಬೇಕಿತ್ತು. 1984ರ ಮೇ ತಿಂಗಳಲ್ಲಿ ವಿರೋಧಿಗಳು ಒಂದು ಪತ್ರಿಕಾಗೋಷ್ಠಿ ಕರೆದರು. ಬೇರೆ ಬೇರೆ ಪಕ್ಷದವರು, ಬರಹಗಾರರು, ವಿಜ್ಞಾನಿಗಳು ಕೊಕ್ಕರೆ, ಜಿಂಕೆ, ಕಪ್ಪೆಯ ವೇಷ ಹಾಕಿಕೊಂಡು ಬಂದು ಕೂತರು! ಅದಕ್ಕೆ ‘ಪ್ರಾಣಿಗಳ ಪತ್ರಿಕಾಗೋಷ್ಠಿ’ ಅಂತಲೇ ಹೆಸರಾಯಿತು. ಡಿಸೆಂಬರಿನಲ್ಲಿ ಮರ ಕಡಿಯಲು ಬಂದಾಗ ಸಾವಿರಾರು ಜನ ಆ ಚಳಿಯಲ್ಲಿ ಕಾಡಿನಲ್ಲೇ ಟೆಂಟ್ ಹಾಕಿ ಕೂತರು. 19ರಂದು ಪೊಲೀಸರು ಲಾಠಿ ಬೀಸಿದರು. ಅದೇ ಸಂಜೆ ವಿಯೆನ್ನಾದ ಬೀದಿಗೆ ಜನ ಇಳಿದರು. ಕೊನೆಗೆ ಚಾನ್ಸಲರ್ ಫ್ರೆಡ್ ಸಿನೋವಾಟ್ಸ್ ಕ್ರಿಸ್‌ಮಸ್ ಬಿಡುವು ಅಂತ ಘೋಷಿಸಬೇಕಾಯಿತು. ಆ ಬಿಡುವು ಮತ್ತೆ ಮುಗಿಯಲೇ ಇಲ್ಲ. 1996ರಲ್ಲಿ ಅದೇ ಕಾಡು ರಾಷ್ಟ್ರೀಯ ಉದ್ಯಾನವಾಯಿತು.

ನಮ್ಮ ಕಡೆ ಹತ್ತಿರದ್ದು ಬೇಕೆಂದರೆ ಕೇರಳದ ಸೈಲೆಂಟ್ ವ್ಯಾಲಿ. ಕರೆಂಟಿಗಾಗಿ ಕುಂತಿಪುಳ ನದಿಗೆ ಅಣೆಕಟ್ಟು ಅಂತ ಹೊರಟಿದ್ದು, ಸಿಂಗಳೀಕಗಳ ಕಾಡು ಅಂತ ನಿಂತಿತು. ಅಲ್ಲಿ ಕವಿಗಳೂ ಇದ್ದರು, ವಿಜ್ಞಾನ ಮೇಷ್ಟ್ರುಗಳೂ ಇದ್ದರು. ‘ಈ ಕರೆಂಟು ನಿಜಕ್ಕೂ ಬೇಕಾ, ಬೇರೆ ಎಲ್ಲಿಂದ ಬರುತ್ತದೆ’ ಅಂತ ಮೇಷ್ಟ್ರುಗಳು ಲೆಕ್ಕ ಹಾಕಿ ತೋರಿಸಿದ್ದರು. 1985ರಲ್ಲಿ ರಾಷ್ಟ್ರೀಯ ಉದ್ಯಾನದ ಉದ್ಘಾಟನೆಯೂ ಆಯಿತು. ಬಾಡಿಗೆಮನೆ ಅವರು ಕೇಳುತ್ತಿರುವುದೂ ಅದೇ ಪ್ರಶ್ನೆ ಅಲ್ವಾ, ಇಲ್ಲಿ ಬೇಡ ಅಂದರೆ ಎಲ್ಲಿ ಅಂತ.

ಹೊಳೆದಂಡೆ

ಒಂಬತ್ತು ದಿನ ಕಾಣೆಯಾಗಿದ್ದಕ್ಕೆ ಕ್ಷಮಿಸಿ. ಫೈಲ್ ಸಿಕ್ಕಿತು. ಪರಿಸರ ವರದಿ 140 ಪುಟ ಇದೆ. ಅದರಲ್ಲಿ ಈ ಜಾಗದ ಜೀವಿಗಳ ಬಗ್ಗೆ ಇರುವುದು ಎರಡು ಪುಟ.

ಗೆರೆಗೀಟು ಹೇಳಿದಂತೆ ಅನುಬಂಧ ತೆಗೆದೆ. ಸಮೀಕ್ಷೆ ನಡೆದಿದ್ದು ಎರಡು ದಿನ, ಅಕ್ಕಪಕ್ಕದ ದಿನಗಳು, ಬಿರು ಬೇಸಿಗೆ. ಸಮಯ ಬೆಳಿಗ್ಗೆ 10ರಿಂದ ಸಂಜೆ 4. ಅಷ್ಟು ಹೊತ್ತಿಗೆ ನಾನೇ ಅಲ್ಲಿ ನೆರಳು ಹುಡುಕುತ್ತೇನೆ. ಎರಡು ಹೊಂಡಗಳೂ ಒಣಗಿದ್ದವು, ‘ಜಲಮೂಲಗಳಿಲ್ಲ’ ಅಂತ ಬರೆದಿದ್ದಾರೆ. ನೀರುನಾಯಿ ಪಟ್ಟಿಯಲ್ಲೇ ಇಲ್ಲ. ಹೊಳೆಯ ಗೆರೆಯೂ ಬೇಸಿಗೆಯದ್ದೇ.

ಇನ್ನೂ ಒಂದು. ‘ಪರ್ಯಾಯ ಜಾಗಗಳು’ ಅಂತ ಒಂದು ಅಧ್ಯಾಯ ಇರಬೇಕಂತೆ. ಇದೆ, ಐದು ಸಾಲು. ‘ಬೇರೆ ಸೂಕ್ತ ಜಾಗ ಲಭ್ಯವಿಲ್ಲ.’ ಯಾವ ಜಾಗ ನೋಡಿದರು, ಯಾಕೆ ಬಿಟ್ಟರು, ಏನೂ ಇಲ್ಲ. ಬಾಡಿಗೆಮನೆ ಅವರೇ, ನಿಮ್ಮ ಪ್ರಶ್ನೆಯನ್ನೇ ಅವರಿಗೂ ಕೇಳಿದ್ದೇನೆ.

ಕರಡು ಹಾಕುತ್ತಿದ್ದೇನೆ, ಕತ್ತರಿ ಆಡಿಸಿ:

‘ಈ ಜಾಗದಲ್ಲಿ ತುಂಬಾ ಪಕ್ಷಿಗಳಿವೆ. ನೆರೆ ಬಂದರೆ ತುಂಬಾ ತೊಂದರೆಯಾಗುತ್ತದೆ. ಸಮೀಕ್ಷೆ ಸರಿಯಾಗಿ ಮಾಡಿಲ್ಲ. ಯೋಜನೆಯನ್ನು ಕೈಬಿಡಬೇಕು.’

ಗೆರೆಗೀಟು

ಕೈಲಿ ಚಿನ್ನ ಇಟ್ಟುಕೊಂಡು ಹಿತ್ತಾಳೆ ತೋರಿಸುತ್ತಿದ್ದೀರಲ್ಲ! ‘ತುಂಬಾ’ ಎಷ್ಟು ಸಲ ಇದೆ ನೋಡಿ. ಮೂರನೇ ವಾಕ್ಯವನ್ನು ಹೀಗೆ ಬರೆಯಿರಿ:

‘ಅನುಬಂಧದ ಪ್ರಕಾರ ಸಮೀಕ್ಷೆ ಎರಡೇ ದಿನ, ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ನಡೆದಿದೆ. ನೀರುನಾಯಿ ಹಲವು ಕಡೆ ಹೆಚ್ಚಾಗಿ ಓಡಾಡುವುದು ಮುಸ್ಸಂಜೆ, ರಾತ್ರಿ ಮತ್ತು ನಸುಕಿನಲ್ಲಿ. ಸಮೀಕ್ಷೆ ಆ ಹೊತ್ತಿನಲ್ಲಿ ಯಾಕೆ ನಡೆಯಲಿಲ್ಲ? ಮಳೆಗಾಲದ ಸಮೀಕ್ಷೆ ಇಲ್ಲದೆ ಜಲಮೂಲಗಳಿಲ್ಲ ಎಂದು ಹೇಗೆ ತೀರ್ಮಾನಿಸಲಾಯಿತು?’

ಎರಡು ಪ್ರಶ್ನೆ. ಎರಡಕ್ಕೂ ಫೈಲಿನಲ್ಲಿ ಉತ್ತರ ಬರೆಯಲೇಬೇಕು.

ಪೈಪ್‌ಲೈನ್_ಅಜ್ಜ

ನೆರೆ ಪತ್ರ ನಾನು ಬರೆಯುತ್ತೇನೆ, ನನ್ನ ಹೆಸರಿನಲ್ಲೇ ಹೋಗಲಿ. ನೀವು ಹಿಂದಿನ ನೆರೆಯ ಗುರುತು ಹುಡುಕಿ. ಹಳೆಯ ಮರದ ಕಾಂಡದ ಮೇಲೆ ಕೆಸರಿನ ಗೆರೆ, ಮೋರಿಯ ಗೋಡೆ ಮೇಲಿನ ಕಲೆ, ಪೊದೆಯ ನೆತ್ತಿಯಲ್ಲಿ ಸಿಕ್ಕಿಕೊಂಡ ಕಸ. ಪಕ್ಕದಲ್ಲಿ ಅಳತೆ ಕೋಲು ನಿಲ್ಲಿಸಿ ಫೋಟೋ ತೆಗೆಯಿರಿ. ಯಾರ ಮನೆಯಲ್ಲಾದರೂ ಹಳೆಯ ನೆರೆಯ ಫೋಟೋ ಇದ್ದರೆ ಹಿಂದೆ ದಿನಾಂಕ ಬರೆಸಿಕೊಳ್ಳಿ.

ಮತ್ತೆ ಒಂದು ಮಾತು. ‘ಕೈಬಿಡಬೇಕು’ ಅಂತ ಮಾತ್ರ ಬರೆದು ನಿಲ್ಲಿಸಬೇಡಿ. ಕೈಬಿಡದಿದ್ದರೆ ಏನಾಗಬೇಕು ಅನ್ನುವುದೂ ಇರಲಿ. ಮಣ್ಣು ತುಂಬಬಾರದು, ಪಿಚಿಂಗ್ ಬೇಡ, ಮಳೆಗಾಲದ ಅಂಚಿನಿಂದ ಅಳತೆ, ಗೂಡಿನ ಕಾಲದಲ್ಲಿ ಕೆಲಸ ನಿಲ್ಲಬೇಕು. ಇದು ಸೋಲು ಒಪ್ಪಿಕೊಂಡ ಹಾಗಲ್ಲವಾ ಅಂತ ಕೆಲವರು ಕೇಳುತ್ತಾರೆ. ಆ ಷರತ್ತೆಲ್ಲಾ ಹಾಕಿದರೆ ಎಷ್ಟೋ ಸಲ ಯೋಜನೆಗೇ ಗಿಟ್ಟುವುದಿಲ್ಲ.

ಒಮ್ಮೆಸೋತವ

ಜೊತೆಗೆ ಒಂದು ಎಚ್ಚರಿಕೆ. ‘ಕಳೆದುಹೋದ ಜಾಗಕ್ಕೆ ಬದಲಾಗಿ ಬೇರೆ ಕಡೆ ಸಾವಿರ ಸಸಿ ನೆಡುತ್ತೇವೆ’ ಅಂತ ಬಂದೇ ಬರುತ್ತಾರೆ. ನಮಗೆ ಬಂದಿದ್ದರು. ನಾವು ಚಪ್ಪಾಳೆ ತಟ್ಟಿದೆವು. ಮಣ್ಣಿನ ಗೋಡೆಗೆ ಬದಲು ಸಸಿ ಹೇಗಾಗುತ್ತದೆ ಅಂತ ಯಾರಿಗೂ ಹೊಳೆಯಲಿಲ್ಲ. ಮತ್ತೆ, ಇದನ್ನು ‘ಮೊದಲ ಹಂತ’ ಅಂತ ಎಲ್ಲಾದರೂ ಬರೆದಿದ್ದಾರಾ ನೋಡಿ. ಸಣ್ಣ ಸಣ್ಣ ತುಂಡು ಮಾಡಿ ಒಂದೊಂದಕ್ಕೂ ಬೇರೆ ಬೇರೆ ಒಪ್ಪಿಗೆ ತೆಗೆದುಕೊಂಡರೆ ಒಟ್ಟು ಹಾನಿ ಯಾವ ಕಾಗದದಲ್ಲೂ ಕಾಣುವುದಿಲ್ಲ.

ಹೊಳೆದಂಡೆ

ಈಗ ನೋಡಿದೆ. 3ನೇ ಪುಟದಲ್ಲಿ ‘ಹಂತ 1’ ಅಂತ ಇದೆ. ಹಂತ 2ರ ಬಗ್ಗೆ 140 ಪುಟದಲ್ಲಿ ಎಲ್ಲೂ ಇಲ್ಲ. ಕೈ ನಡುಗಿತು.

ಬಾಡಿಗೆಮನೆ

ಐದು ಸಾಲಿನ ‘ಪರ್ಯಾಯ ಜಾಗ’ ಓದಿ ಸಿಟ್ಟು ಬಂತು. ನಮ್ಮಂಥವರ ಹೆಸರು ಹೇಳಿ ಅರ್ಜಿ ಹಾಕುತ್ತಾರೆ, ಹುಡುಕುವ ಕಷ್ಟ ಮಾತ್ರ ತೆಗೆದುಕೊಳ್ಳುವುದಿಲ್ಲ. ನಾನು ಪತ್ರ ಬರೆಯುತ್ತೇನೆ, ಆದರೆ ನನ್ನದು ಬೇರೆ. ಮನೆ ಬೇಕು, ಎತ್ತರದ ಜಾಗದಲ್ಲಿ ಬೇಕು, ಬಸ್ಸು ಬರುವ ಕಡೆ ಬೇಕು ಅಂತ. ಅಹವಾಲು ಸಭೆಗೂ ಬರುತ್ತೇನೆ. ನಿಮ್ಮ ಸಾಲಿನಲ್ಲಿ ಕೂರುವುದಿಲ್ಲ.

ಹೊಳೆದಂಡೆ

ಎಲ್ಲಿ ಕೂತರೂ ಸರಿ, ಬನ್ನಿ ಸಾಕು.

ಸಂಜೆವಾಕ್

ದಾರಿ ರಸ್ತೆ ಕಡೆಗೆ ಇರಲಿ ಅನ್ನುವ ಪತ್ರ ನನ್ನದು. ಕೈಯಲ್ಲೇ ಒಂದು ನಕ್ಷೆ ಬಿಡಿಸುತ್ತಿದ್ದೇನೆ. ಮಗಳು ನೋಡಿ ಇದು ಹೊಳೆಯಾ ಹಾವಾ ಅಂತ ಕೇಳಿದಳು.

ಮಿಂಚುಳ್ಳಿ

ಇನ್ನು 15 ದಿನ ಇದೆ ಅಲ್ವಾ? ಅಷ್ಟರಲ್ಲಿ ಮೂರು ಭಾನುವಾರ ಸಿಗುತ್ತದೆ. ಮೂರೂ ದಿನ ಒಂದೇ ಜಾಗ, ಒಂದೇ ಹೊತ್ತು, ಎರಡು ಗಂಟೆ ಎಣಿಕೆ. ಒಬ್ಬರು ಗೋಡೆ ನೋಡಲಿ, ಒಬ್ಬರು ಬರೆದುಕೊಳ್ಳಲಿ, ಒಬ್ಬರು ಹೊಂಡದ ಹತ್ತಿರ. ಬಿಳಿ, ಕೆಂಪು ಬಟ್ಟೆ ಬೇಡ. ಏನೂ ಕಾಣದಿದ್ದರೆ ‘ಏನೂ ಕಾಣಲಿಲ್ಲ’ ಅಂತಲೇ ಬರೆಯಿರಿ. ಹಾಗೆ ಬರೆದವರ ಪಟ್ಟಿಯನ್ನೇ ಜನ ನಂಬುವುದು.

ಹೊಳೆದಂಡೆ

ಸರಿ. ಭಾನುವಾರ ಬೆಳಿಗ್ಗೆ 5.30, ಮೋರಿಯ ಹತ್ತಿರ. ಎಲ್ಲಿ ಅಂತ ಗೊತ್ತಿಲ್ಲದವರು ನನಗೆ ಖಾಸಗಿ ಸಂದೇಶ ಕಳಿಸಿ, ಇಲ್ಲಿ ಜಾಗ ಹಾಕುವುದಿಲ್ಲ. ನನ್ನ ಹತ್ತಿರ ಒಂದೇ ದುರ್ಬೀನು ಇದೆ, ಬಲಗಣ್ಣಿನ ಕಡೆ ಮಬ್ಬು. ಇನ್ನೊಂದು ಯಾರಾದರೂ ತರುತ್ತೀರಾ?

ಪೈಪ್‌ಲೈನ್_ಅಜ್ಜ

ದುರ್ಬೀನು ನನ್ನ ಹತ್ತಿರ ಇದೆ. ಅಳತೆ ಕೋಲೂ ತರುತ್ತೇನೆ. ನಡೆಯುವುದು ಸ್ವಲ್ಪ ನಿಧಾನ, ಐದು ಗಂಟೆಗೇ ಹೊರಡುತ್ತೇನೆ.